ತಪ್ಪು ಕೈಯದೋ, ಕೋವಿಯದೋ?

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕೋವಿಯ ಮಾತೇಕೆ ಎಂದು ಓದುಗರಲ್ಲಿ ಕೆಲವರು ಹುಬ್ಬೇರಿಸಬಹುದು. ಕಾವ್ಯ, ಚರಿತ್ರೆ, ತರ್ಕಗಳ ನಡುವೆ ಉಕ್ಕು ಸೀಸಗಳಿಗೆ ಸ್ಥಳವೆಲ್ಲಿ? ನನ್ನ ಸಮಾಧಾನ ಇಷ್ಟೆ. ಜಾನ್ ಸ್ಟುವರ್ಟ್ ಮಿಲ್ ಎಂಬ ಆಂಗ್ಲ ತತ್ತ್ವಜ್ಞನು ೧೮೪೩ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿ ವಿವರಿಸಿದ ವ್ಯತಿರೇಕ ವಿಧಾನವನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಎರಡು ಸಂದರ್ಭಗಳು ಒಂದೇ ಒಂದು ಅಂಶದಲ್ಲಿ ಭಿನ್ನವಾಗಿದ್ದು, ಫಲವೂ ಭಿನ್ನವಾದರೆ, ಆ ಅಂಶಕ್ಕೂ ಆ ಫಲಕ್ಕೂ ಕಾರಣಸಂಬಂಧವುಂಟು ಎಂಬುದು ಅದರ ಸಾರ. ಈ ಸೂತ್ರಕ್ಕೆ ಜೀವ ಬಂದುದನ್ನು ನಾನು ಕಣ್ಣಾರೆ ಕಂಡದ್ದು ಒಂದು ಗುರಿಕೋವಿಯನ್ನು ಹೊಸದಾಗಿ ಕಟ್ಟಿ ಪರೀಕ್ಷಿಸಿದಾಗ. ಆದುದರಿಂದಲೇ ಈ ಲೇಖನ.

ಮಹಾಭಾರತದ ಕಥೆಯಲ್ಲಿ ದ್ರೋಣಾಚಾರ್ಯರು ಮರದ ಮೇಲೊಂದು ಹಕ್ಕಿಯನ್ನಿಟ್ಟು ಶಿಷ್ಯರನ್ನೆಲ್ಲ ಪರೀಕ್ಷಿಸಿದರು. ಬಿಲ್ಲನ್ನು ಪರೀಕ್ಷಿಸಿದ ಮಾತು ಅಲ್ಲಿ ಬರುವುದಿಲ್ಲ. ನಾವೂ ಸಾಮಾನ್ಯವಾಗಿ ಹಾಗೆಯೇ. ಗುರಿ ತಪ್ಪಿದರೆ ಕೈ ನಡುಗಿತು, ಮನಸ್ಸು ಚಂಚಲವಾಯಿತು ಎನ್ನುತ್ತೇವೆ. ನಮ್ಮ ದೊಡ್ಡಪ್ಪನವರ ಮಗಳು, ನಾನು ಅಕ್ಕನೆಂದು ಕರೆಯುವವಳು, ಎರಡು ವರ್ಷ ಈ ಮಾತನ್ನು ಕೇಳಿದಳು. ಅವಳು ಅಭ್ಯಾಸ ಮಾಡುವ ಕ್ಲಬ್ಬಿನಲ್ಲಿ ಅವಳ ಅಂಕಗಳು ಒಂದು ಮಟ್ಟದಿಂದ ಮೇಲೇರಲೇ ಇಲ್ಲ. ದಿನವೂ ಬೆಳಗ್ಗೆ ಐದಕ್ಕೆದ್ದು ಕಸರತ್ತು ಮಾಡಿದರೂ ಇಲ್ಲ. “ಈ ಹುಡುಗಿಯ ಕೈ ಇದಕ್ಕೆ ಒಗ್ಗದು” ಎಂದು ಹೇಳಿದವರೂ ಉಂಟು. ಅವಳು ಆಟವನ್ನೇ ಬಿಡುವ ಯೋಚನೆಯಲ್ಲಿದ್ದಳು. ಸೈನ್ಯದಲ್ಲಿ ಆರ್ಮರರ್ ಆಗಿದ್ದು, ನಿವೃತ್ತಿಯ ನಂತರ ಪರವಾನಗಿಯುಳ್ಳ ಒಂದು ಬಂದೂಕು ಕಾರ್ಯಾಗಾರದಲ್ಲಿ ದುಡಿಯುತ್ತಿದ್ದ ದೊಡ್ಡಪ್ಪ ಮಾತ್ರ, “ಬಿಡುವುದಾದರೆ ಬಿಡಲಿ, ಆದರೆ ತಪ್ಪು ಯಾರದೆಂದು ತಿಳಿದ ಮೇಲೆ ಬಿಡಲಿ” ಎಂದರು. ಆ ರಜೆಯಲ್ಲಿ ಅಳೆಯುವುದು, ಬರೆದಿಡುವುದು ನನ್ನ ಪಾಲಿಗೆ ಬಂತು.

ಮೊದಲು ಈ ಕೋವಿಯ ಜಾತಿಯನ್ನು ಪರಿಚಯಿಸಬೇಕು. ಎನ್.ಸಿ.ಸಿ.ಯಲ್ಲಿರುವ ಮಿತ್ರರು ‘ಪಾಯಿಂಟ್ ಟೂಟೂ’ ಎಂದು ಕರೆಯುವ ರೈಫಲ್ಲಿನ ಕುಲವೇ ಇದು. ನಳಿಗೆಯ ಒಳವ್ಯಾಸ ಸುಮಾರು ೫.೬ ಮಿಲಿಮೀಟರು. ಇದರ ತೋಟಾಕ್ಕೆ ‘ರಿಮ್‌ಫೈರ್’ ಎಂದು ಹೆಸರು. ದೊಡ್ಡ ರೈಫಲ್ಲುಗಳ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಹಿಂಬದಿಯ ನಡುವೆ ಪುಟ್ಟ ಬಟ್ಟಲಿನಲ್ಲಿರುತ್ತದೆ. ಇದರಲ್ಲಾದರೋ ಹಿತ್ತಾಳೆಯ ಕೊಳವೆಯ ಅಂಚಿನ ಮಡಿಕೆಯೊಳಗೇ ಅದನ್ನು ತುಂಬಿರುತ್ತಾರೆ. ಕೋವಿಯ ಸೂಜಿ ಆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟುತ್ತದೆ. ಪ್ಯಾರಿಸ್ಸಿನ ಫ್ಲೋಬೇರ್ ಎಂಬಾತ ೧೮೪೫ರಲ್ಲಿ ಈ ಬಗೆಯ ಪುಟ್ಟ ತೋಟಾ ಮಾಡಿದನು. ಅಮೆರಿಕದ ಸ್ಟೀವನ್ಸ್ ಕಂಪನಿ ೧೮೮೭ರಲ್ಲಿ ಹೊರತಂದ ‘ಲಾಂಗ್ ರೈಫಲ್’ ಎಂಬ ರೂಪವೇ ಇಂದಿಗೂ ಜಗತ್ತಿನಾದ್ಯಂತ ಗುರಿಯಾಟದಲ್ಲಿ ನಡೆಯುತ್ತಿರುವುದು. ಪ್ಯಾರಿಸ್ಸಿನ ೨೦೨೪ರ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಐವತ್ತು ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದೂ, ೨೦೧೦ರಲ್ಲಿ ಮ್ಯೂನಿಕ್ಕಿನಲ್ಲಿ ತೇಜಸ್ವಿನಿ ಸಾವಂತ್ ವಿಶ್ವ ಚಾಂಪಿಯನ್ ಆದದ್ದೂ ಇದೇ ತೋಟಾದಿಂದ. ಇಬ್ಬರೂ ನಮ್ಮ ಬೆಳಗಾವಿಯ ನೆರೆಯ ಕೊಲ್ಲಾಪುರ ಜಿಲ್ಲೆಯವರು.

ಈ ತೋಟಾದ ಒಂದು ಗುಣವನ್ನು ಓದುಗರು ನೆನಪಿನಲ್ಲಿಡಬೇಕು. ಬೇರೆ ರೈಫಲ್ಲಿನವರು ಖಾಲಿ ತೋಟಾಕ್ಕೆ ತಾವೇ ಮದ್ದು ತೂಗಿ ತುಂಬಿ, ಕೋವಿಗೆ ಹೊಂದುವಂತೆ ತೋಟಾವನ್ನು ತಿದ್ದಿಕೊಳ್ಳಬಲ್ಲರು. ಅಂಚು ಜಜ್ಜಿಹೋದ ಈ ತೋಟಾವನ್ನು ಹಾಗೆ ಮತ್ತೆ ತುಂಬುವ ರೂಢಿಯಿಲ್ಲ. ಕಾರ್ಖಾನೆ ಕೊಟ್ಟದ್ದೇ ಪ್ರಸಾದ. ಆದುದರಿಂದ ಇಲ್ಲಿ ಕೋವಿಯೇ ತೋಟಾಕ್ಕೆ ಹೊಂದಬೇಕು.

ಇನ್ನು ಗುರಿ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಕಾಲದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನು ಹಲವರು ಕಂಡಿರಬಹುದು. ಅಲ್ಲಿ ಎರಡೇ ಉತ್ತರ: ಕಾಯಿ ಒಡೆಯಿತು, ಇಲ್ಲವೇ ಒಡೆಯಲಿಲ್ಲ. ಕಾಗದದ ಗುರಿ ಹಾಗಲ್ಲ; ತಪ್ಪು ಎಷ್ಟು, ಯಾವ ಕಡೆಗೆ ಎಂಬುದನ್ನೂ ಅದು ಬರೆದಿಡುತ್ತದೆ. ಅಂತರರಾಷ್ಟ್ರೀಯ ಪಂದ್ಯಗಳ ಐವತ್ತು ಮೀಟರ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ೧೦.೪ ಮಿ.ಮೀ., ಅಂದರೆ ನಮ್ಮ ಅಂಗಿಯ ಗುಂಡಿಯಷ್ಟು. ಒಂಬತ್ತರ ವೃತ್ತದ ವ್ಯಾಸ ೨೬.೪ ಮಿ.ಮೀ. ಗುಂಡಿನ ತೂತು ಗೆರೆಯನ್ನು ಮುಟ್ಟಿದರೆ ಸಾಕು, ಹೆಚ್ಚಿನ ಅಂಕವೇ ಸಿಗುತ್ತದೆ. ತೂತಿನ ಅರ್ಧವ್ಯಾಸ ೨.೮ ಮಿ.ಮೀ. ಸೇರಿಸಿ ಲೆಕ್ಕ ಹಾಕಿದರೆ, ಗುಂಡಿನ ನಡುಬಿಂದು ೧೬ ಮಿ.ಮೀ. ವ್ಯಾಸದ ವೃತ್ತದೊಳಗೆ ಬಿದ್ದಾಗ ಹತ್ತು ಬರುತ್ತದೆ, ೩೨ ಮಿ.ಮೀ. ವ್ಯಾಸದೊಳಗೆ ಬಿದ್ದಾಗ ಒಂಬತ್ತಾದರೂ ಬರುತ್ತದೆ. ಈ ಎರಡು ಸಂಖ್ಯೆಗಳೇ ಮುಂದಿನ ವಿಚಾರಕ್ಕೆಲ್ಲ ಅಳತೆಗೋಲು.

ದೊಡ್ಡಪ್ಪ ಮೊದಲು ಮಾಡಿದ ಕೆಲಸವೆಂದರೆ ಅಕ್ಕನ ಕೈಯನ್ನು ಲೆಕ್ಕದಿಂದ ತೆಗೆದುಹಾಕಿದ್ದು. ಅವಳ ಹಳೆಯ ರೈಫಲ್ಲನ್ನು ಮೇಜಿನ ಮೇಲೆ ಮರಳಿನ ಚೀಲಗಳ ನಡುವೆ ಕೂರಿಸಿ, ಐವತ್ತು ಮೀಟರ್ ದೂರದ ಗುರಿಗೆ ತಾವೇ ಹತ್ತು ಹತ್ತು ಗುಂಡು ಹೊಡೆದರು. ಪ್ರತಿ ಹತ್ತರ ಗುಂಪಿನಲ್ಲೂ ಅತ್ಯಂತ ದೂರವಿರುವ ಎರಡು ತೂತುಗಳ ನಡುಬಿಂದುಗಳ ಅಂತರವನ್ನು ನಾನು ಅಳೆದೆ. ಇದನ್ನೇ ‘ಗುಂಪಿನ ಅಗಲ’ ಎನ್ನುತ್ತಾರೆ. ಐದು ಗುಂಪುಗಳ ಸರಾಸರಿ ೩೪ ಮಿ.ಮೀ. ಬಂತು. ನಡುಗದ ಚೀಲ, ಅನುಭವಿಯಾದ ಕೈ, ಆದರೂ ಗುಂಡುಗಳು ಒಂಬತ್ತರ ವೃತ್ತದಲ್ಲೂ ಅಡಗಲಿಲ್ಲ.

ಆದರೆ ‘ಕೋವಿ ಕೆಟ್ಟಿದೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಕೋವಿಯಲ್ಲಿ ಯಾವುದು ಕೆಟ್ಟಿದೆ? ಇಲ್ಲಿಂದ ಮಿಲ್ಲನ ವಿಧಾನ ಆರಂಭವಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಮತ್ತೆ ಐವತ್ತು ಗುಂಡು, ಆಮೇಲೆ ಮಾತು.

ಮೊದಲನೆಯ ಸಂದೇಹ ಮರದ ಒಡಲಿನ ಮೇಲೆ. ರೈಫಲ್ಲಿನ ಉಕ್ಕಿನ ಭಾಗ ಮರದ ತೊಟ್ಟಿಲಲ್ಲಿ ಕೂತು ಎರಡು ತಿರುಪುಗಳಿಂದ ಬಿಗಿಯಲ್ಪಟ್ಟಿರುತ್ತದೆ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಉಕ್ಕು ಎಲ್ಲೆಡೆ ಸಮನಾಗಿ ಕೂರದಿದ್ದರೆ ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಸರಿದು ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಅದಕ್ಕಾಗಿ ಕೂರುವ ಜಾಗಕ್ಕೆ ಗಟ್ಟಿಯಾಗುವ ಅಂಟನ್ನು ತುಂಬಿ, ಉಕ್ಕಿನ ಅಚ್ಚು ಬೀಳುವಂತೆ ಮಾಡಿ, ತಿರುಪುಗಳನ್ನು ಪ್ರತಿಸಲವೂ ಒಂದೇ ಬಿಗಿಗೆ ತಿರುಗಿಸಬೇಕು. ನಳಿಗೆ ಮಾತ್ರ ಮರವನ್ನು ಎಲ್ಲಿಯೂ ಮುಟ್ಟಬಾರದು. ಏಕೆಂದರೆ ಗುಂಡು ಹೋಗುವಾಗ ನಳಿಗೆ ತಂಬೂರಿಯ ತಂತಿಯಂತೆ ಕಂಪಿಸುತ್ತದೆ. ಕಂಪನವನ್ನು ನಿಲ್ಲಿಸಲಾಗದು, ಪ್ರತಿಸಲವೂ ಒಂದೇ ರೀತಿ ಕಂಪಿಸುವಂತೆ ಮಾಡಬಹುದು. ಇದರ ಜೊತೆಗೆ ಕೆನ್ನೆ ಊರುವ ಹಲಗೆಯನ್ನೂ ಭುಜಕ್ಕೆ ತಾಗುವ ತಟ್ಟೆಯನ್ನೂ ಅಕ್ಕನ ಮೈಗೆ ಸರಿಯಾಗಿ ಕೂರಿಸಿದರು; ಕಣ್ಣು ಪ್ರತಿಸಲವೂ ಹಿಂದಿನ ಕಿಂಡಿಯ ಹಿಂದೆ ಒಂದೇ ಜಾಗಕ್ಕೆ ಬರಬೇಕಲ್ಲವೆ? ಇದಿಷ್ಟಾದ ಮೇಲೆ ಚೀಲದ ಮೇಲಿಟ್ಟು ಹೊಡೆದರೆ ಸರಾಸರಿ ಹೆಚ್ಚು ಕಡಮೆ ಹಾಗೆಯೇ ಉಳಿಯಿತು. ಮರ ನಿರಪರಾಧಿಯೆಂದು ಬಿಡುಗಡೆಯಾಯಿತು.

ಎರಡನೆಯ ಸಂದೇಹ ನಳಿಗೆಯ ಬಾಯಿಯ ಮೇಲೆ. ಗುಂಡು ಬಾಯಿಯನ್ನು ದಾಟುವ ಕ್ಷಣದಲ್ಲಿ ಹಿಂದಿನಿಂದ ಬಿಸಿ ಅನಿಲ ನುಗ್ಗುತ್ತಿರುತ್ತದೆ. ಬಾಯಿಯ ಅಂಚು ಸುತ್ತಲೂ ಸಮನಾಗಿದ್ದರೆ ಅನಿಲವೂ ಸುತ್ತಲೂ ಒಟ್ಟಿಗೇ ಹೊರಬೀಳುತ್ತದೆ. ಒಂದು ಕಡೆ ಸವೆದಿದ್ದರೆ ಅಲ್ಲಿಂದ ಮೊದಲು ಚಿಮ್ಮಿ ಗುಂಡಿನ ಬುಡವನ್ನು ಪಕ್ಕಕ್ಕೆ ತಳ್ಳುತ್ತದೆ. ವರ್ಷಾನುಗಟ್ಟಲೆ ಸ್ವಚ್ಛಗೊಳಿಸುವ ಕಡ್ಡಿಯನ್ನು ಬಾಯಿಯ ಕಡೆಯಿಂದ ತುರುಕಿದ್ದರಿಂದ ಅಕ್ಕನ ರೈಫಲ್ಲಿನ ಅಂಚು ಹಾಗೆ ಸವೆದಿತ್ತು. ದೊಡ್ಡಪ್ಪ ಅದನ್ನು ಲೇತಿಗೆ ಹಾಕಿ ಹೊಸದಾಗಿ ಕಡೆದರು. ಸರಾಸರಿ ೩೪ರಿಂದ ೩೦ಕ್ಕೆ ಇಳಿಯಿತು. ಅಪರಾಧಿಯೊಬ್ಬ ಸಿಕ್ಕಿದ್ದ, ಆದರೆ ಅವನು ಸಣ್ಣ ಕಳ್ಳ. ಅದೇ ಸ್ಥಿತಿಯಲ್ಲಿ ಅಕ್ಕ ಬೋರಲಾಗಿ ಮಲಗಿ, ತೋಳಿಗೆ ಪಟ್ಟಿ ಬಿಗಿದು ಹೊಡೆದ ಗುಂಪುಗಳ ಸರಾಸರಿ ೩೬ ಮಿ.ಮೀ. ಆಗಿತ್ತು. ಈ ೩೦ ಮತ್ತು ೩೬ ಎಂಬ ಸಂಖ್ಯೆಗಳಿಗೆ ಆಮೇಲೆ ಬರುತ್ತೇನೆ.

ಉಳಿದದ್ದು ನಳಿಗೆ. ಮೆತ್ತನೆಯ ಸೀಸದ ತುಂಡೊಂದನ್ನು ನಳಿಗೆಯೊಳಗೆ ಕಡ್ಡಿಯಿಂದ ನಿಧಾನವಾಗಿ ತಳ್ಳಿದಾಗ, ಅದು ಕೆಲವೆಡೆ ಬಿಗಿಯಾಗಿಯೂ ಕೆಲವೆಡೆ ಸಡಿಲವಾಗಿಯೂ ಜಾರುವುದು ಕೈಗೇ ತಿಳಿಯುತ್ತದೆ. ಒಳ್ಳೆಯ ನಳಿಗೆಯಲ್ಲಿ ಅದು ಉದ್ದಕ್ಕೂ ಒಂದೇ ಸಮನೆ ಜಾರಬೇಕು. ವ್ಯತ್ಯಾಸವಿದ್ದರೆ ಬಾಯಿಯ ಬಳಿ ತುಸು ಬಿಗಿಯಿರಬಹುದೇ ಹೊರತು ಸಡಿಲವಿರಬಾರದು. ಹಳೆಯ ನಳಿಗೆ ಬಾಯಿಯ ಬಳಿಯೇ ಸಡಿಲವಾಗಿತ್ತು. ಆದ್ದರಿಂದ ಬೋಲ್ಟು, ಟ್ರಿಗರು, ಮರ ಎಲ್ಲವನ್ನೂ ಹಾಗೆಯೇ ಇಟ್ಟುಕೊಂಡು, ಪಂದ್ಯದ ದರ್ಜೆಯ ಹೊಸ ನಳಿಗೆಯೊಂದನ್ನು ಕ್ರಮಬದ್ಧವಾಗಿ ತರಿಸಿ ಕಾರ್ಯಾಗಾರದಲ್ಲಿ ಕೂರಿಸಿದರು. ಇಲ್ಲಿ ಒಂದು ಎಚ್ಚರಿಕೆಯ ಮಾತು: ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಕೋವಿಯನ್ನು ತಯಾರಿಸುವುದಕ್ಕಷ್ಟೇ ಅಲ್ಲ, ರಿಪೇರಿ ಮಾಡುವುದಕ್ಕೂ ಪರೀಕ್ಷಿಸುವ ಕಸುಬಿಗೂ ಪರವಾನಗಿ ಬೇಕು. ಇದು ಮನೆಯ ಹಿತ್ತಿಲಿನಲ್ಲಿ ಮಾಡುವ ಕೆಲಸವಲ್ಲ.

ನಳಿಗೆಯೊಳಗೆ ಸುರುಳಿಯಾಗಿ ತೋಡುಗಳಿರುತ್ತವೆ. ಈ ಜಾತಿಯ ರೈಫಲ್ಲಿನಲ್ಲಿ ಸಾಮಾನ್ಯವಾಗಿ ಹದಿನಾರು ಅಂಗುಲಕ್ಕೆ ಒಂದು ಸುತ್ತು. ಸೆಕೆಂಡಿಗೆ ಸುಮಾರು ೩೩೦ ಮೀಟರ್ ವೇಗದಲ್ಲಿ ಹೊರಬೀಳುವ ಗುಂಡು ಹಾಗಾದರೆ ಸೆಕೆಂಡಿಗೆ ಎಂಟುನೂರಕ್ಕೂ ಹೆಚ್ಚು ಸಲ ತಿರುಗುತ್ತದೆ. ಬುಗುರಿ ತಿರುಗುವಷ್ಟು ಕಾಲ ನೆಟ್ಟಗೆ ನಿಲ್ಲುವಂತೆ, ಗುಂಡು ಮೂತಿ ಮುಂದಾಗಿಯೇ ಸಾಗುವುದು ಈ ತಿರುಗುವಿಕೆಯಿಂದ. ಬುಗುರಿಯ ಮೊಳೆ ನಡುವಿನಲ್ಲಿಲ್ಲದಿದ್ದರೆ ಅದು ಓಲಾಡುವುದನ್ನು ಯಾರು ತಾನೆ ನೋಡಿಲ್ಲ? ಗುಂಡಿನ ವಿಚಾರವೂ ಅಷ್ಟೆ. ತೋಟಾ ಕೂರುವ ಕೋಣೆಯನ್ನು, ಅಂದರೆ ಚೇಂಬರನ್ನು, ನಳಿಗೆಯ ರಂಧ್ರದೊಡನೆ ಒಂದೇ ಅಕ್ಷದಲ್ಲಿ ಕೊರೆಯಬೇಕು. ಅಕ್ಷ ತಪ್ಪಿದರೆ ಗುಂಡು ಓರೆಯಾಗಿ ತೋಡುಗಳನ್ನು ಹೊಕ್ಕು, ಹೊರಬಿದ್ದ ಮೇಲೆ ಓಲಾಡುತ್ತದೆ. ಪಂದ್ಯದ ಚೇಂಬರು ಎಷ್ಟು ಅಳತೆಯಾಗಿರುತ್ತದೆಂದರೆ, ತೋಟಾ ಪೂರ್ತಿ ಕೂತಾಗಲೇ ಸೀಸದ ಗುಂಡಿನ ಮೇಲೆ ತೋಡುಗಳ ನಡುವಣ ಏಣುಗಳ ಗುರುತು ಬೀಳುತ್ತದೆ. ಗುಂಡು ಹೊರಡುವ ಮೊದಲೇ ದಾರಿಯನ್ನು ಹಿಡಿದು ಕೂತಂತೆ. ಇನ್ನು ತೋಟಾದ ಅಂಚಿಗೂ ಬೋಲ್ಟಿನ ಮುಖಕ್ಕೂ ನಡುವೆ ಬಿಡುವ ಜಾಗ. ಅದು ಹೆಚ್ಚಾದರೆ ಸೂಜಿಯ ಪೆಟ್ಟು ಒಮ್ಮೆ ಗಟ್ಟಿ, ಒಮ್ಮೆ ಮೆತ್ತಗೆ ಬಿದ್ದು ಕಿಡಿಯಲ್ಲಿ ಏರುಪೇರಾಗುತ್ತದೆ.

ಕಟ್ಟಿದ್ದಾಯಿತು, ಇನ್ನು ಪರೀಕ್ಷೆ. ಹೊಸ ನಳಿಗೆಯ ಮೊದಲ ಮೂರು ಗುಂಡುಗಳು ಒಂದನ್ನೊಂದು ಕಚ್ಚಿಕೊಂಡು ಒಂದೇ ತೂತಿನಂತೆ ಬಿದ್ದವು. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ದೊಡ್ಡಪ್ಪ, “ಮೂರು ಗುಂಡು ಮುಖಸ್ತುತಿ, ಹತ್ತು ಗುಂಡು ಸಾಕ್ಷಿ” ಎಂದು ಮುಂದಿನ ತೋಟಾ ತುಂಬಿದರು. ಈ ಮಾತಿನ ಹಿಂದೆ ಗಣಿತವಿದೆ. ಗುಂಡುಗಳ ಚದುರುವಿಕೆ ಬದಲಾಗದೆ ಇದ್ದರೂ, ಹೊಡೆದ ಗುಂಡು ಹೆಚ್ಚಿದಂತೆ ಗುಂಪಿನ ಅಗಲ ಹೆಚ್ಚುತ್ತಲೇ ಹೋಗುತ್ತದೆ. ಹತ್ತು ಗುಂಡಿಗೆ ಸರಾಸರಿ ೧೫ ಮಿ.ಮೀ. ಅಗಲ ಕೊಡುವ ರೈಫಲ್ಲೇ ಐದು ಗುಂಡಿಗೆ ಸುಮಾರು ೧೨, ಮೂರಕ್ಕೆ ಸುಮಾರು ಒಂಬತ್ತೂವರೆ ಮಿ.ಮೀ. ಕೊಡುತ್ತದೆ. ಅಲ್ಲದೆ ಮೂರರ ಗುಂಪುಗಳು ಒಂದರಿಂದ ಒಂದಕ್ಕೆ ಬಹಳ ವ್ಯತ್ಯಾಸವಾಗುತ್ತವೆ. ಅವುಗಳಲ್ಲಿ ಅತ್ಯಂತ ಚಿಕ್ಕದನ್ನು ಆರಿಸಿ ಕಿಸೆಯಲ್ಲಿಟ್ಟು ತಿರುಗುವವನು ತನ್ನ ಕೋವಿಯನ್ನು ಹೊಗಳಿಕೊಂಡಾನೇ ಹೊರತು ತಿಳಿದುಕೊಳ್ಳಲಾರ.

ಈ ಪರೀಕ್ಷೆಯ ಮುಖ್ಯ ಭಾಗ ತೋಟಾವನ್ನು ಆರಿಸುವುದು. ಒಂದೇ ಕಂಪನಿ, ಒಂದೇ ಹೆಸರು, ಒಂದೇ ಬೆಲೆಯ ಡಬ್ಬಿಗಳ ಮೇಲೂ ಬೇರೆ ಬೇರೆ ‘ಲಾಟ್’ ಸಂಖ್ಯೆಗಳಿರುತ್ತವೆ. ಒಂದು ಲಾಟು ಒಂದು ನಳಿಗೆಗೆ ಒಗ್ಗುತ್ತದೆ, ಪಕ್ಕದ ನಳಿಗೆಗೆ ಒಗ್ಗುವುದಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಈಲಿ, ಜರ್ಮನಿಯ ಶ್ಯೋನೆಬೆಕ್ಕಿನಲ್ಲಿ ಕಾರ್ಖಾನೆಯುಳ್ಳ ಲಾಪುವಾ ಮೊದಲಾದ ತಯಾರಕರು ಇದಕ್ಕಾಗಿಯೇ ಪರೀಕ್ಷಾಶಾಲೆಗಳನ್ನಿಟ್ಟಿದ್ದಾರೆ; ಆಟಗಾರರು ತಮ್ಮ ರೈಫಲ್ಲನ್ನು ಅಲ್ಲಿಗೊಯ್ದು, ಯಂತ್ರದಲ್ಲಿ ಬಿಗಿದು, ಲಾಟಿನ ಮೇಲೆ ಲಾಟು ಹೊಡೆದು, ಹೊಂದಿದ ಲಾಟನ್ನು ಒಟ್ಟಿಗೆ ಕೊಳ್ಳುತ್ತಾರೆ. ನಮಗೆ ದೊರೆತದ್ದು ಮೂರು ಲಾಟು, ಮರಳಿನ ಚೀಲ ಮತ್ತು ದೊಡ್ಡಪ್ಪನ ತಾಳ್ಮೆ.

ವೇಗದ ಏರುಪೇರು ಏಕೆ ಮುಖ್ಯವೆಂಬುದನ್ನು ಪಿ.ಯು.ಸಿ.ಯ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಐವತ್ತು ಮೀಟರ್ ಸಾಗಲು ಗುಂಡಿಗೆ ಸುಮಾರು ೦.೧೬ ಸೆಕೆಂಡು ಬೇಕು. ಅಷ್ಟರೊಳಗೆ ಭೂಮಿಯ ಸೆಳೆತದಿಂದ ಅದು ಸುಮಾರು ೧೨ ಸೆಂಟಿಮೀಟರು ಕೆಳಗಿಳಿಯುತ್ತದೆ. ವೇಗ ಸೆಕೆಂಡಿಗೆ ೧೦ ಮೀಟರ್ ಕಡಮೆಯಾದರೆ ಇನ್ನೂ ಸುಮಾರು ೭ ಮಿ.ಮೀ. ಹೆಚ್ಚು ಇಳಿಯುತ್ತದೆ. ಹತ್ತರ ವೃತ್ತಕ್ಕೆ ನಮಗಿರುವುದು ೧೬ ಮಿ.ಮೀ.; ಅದರಲ್ಲಿ ಅರ್ಧದಷ್ಟು ಇಲ್ಲಿಯೇ ಖರ್ಚಾಯಿತು! ಹಾಗಾದರೆ ಹೆಚ್ಚು ವೇಗದ ತೋಟಾ ಮೇಲಲ್ಲವೆ ಎಂದು ಕೇಳಬಹುದು. ಇಲ್ಲ. ಶಬ್ದದ ವೇಗವನ್ನು ಮೀರಿ ಹೊರಡುವ ಗುಂಡನ್ನು ಗಾಳಿ ಬಹುಬೇಗ ತಡೆಯುತ್ತದೆ; ಹೀಗೆ ಕಳೆದುಕೊಂಡ ಕಾಲಕ್ಕೆ ತಕ್ಕಂತೆ ಅಡ್ಡಗಾಳಿ ಅದನ್ನು ಪಕ್ಕಕ್ಕೆ ಒಯ್ಯುತ್ತದೆ. ಆದುದರಿಂದ ವೇಗದ ಗುಂಡು ನಿಧಾನದ ಗುಂಡಿಗಿಂತ ಹೆಚ್ಚು ಸರಿಯುತ್ತದೆ. ಪಂದ್ಯದ ತೋಟಾ ಶಬ್ದದ ವೇಗಕ್ಕಿಂತ ತುಸು ಕೆಳಗೇ ಇರುವುದು ಇದಕ್ಕಾಗಿ. ಅವಸರಕ್ಕಿಂತ ಸಮತೆ ಮೇಲು ಎಂಬ ಹಿರಿಯರ ಮಾತಿಗೆ ಗಾಳಿಯೂ ಸಾಕ್ಷಿ.

ಬೆಳಗಿನ ಗಾಳಿ ಏಳುವ ಮುನ್ನ ಹೊಡೆಯುತ್ತಿದ್ದೆವು. ಲಾಟು ಬದಲಿಸಿದಾಗ ಹಿಂದಿನ ಗುಂಡುಗಳ ಮೇಣ ನಳಿಗೆಯಲ್ಲಿ ಉಳಿದಿರುತ್ತದೆಯಾದ್ದರಿಂದ, ಹೊಸ ಲಾಟಿನ ಕೆಲವು ಗುಂಡುಗಳನ್ನು ಲೆಕ್ಕಕ್ಕಿಲ್ಲದೆ ಮೊದಲು ಹೊಡೆಯಬೇಕು. ಒಂದು ದಿನ ಒಂದನೆಯ ಲಾಟಿನಿಂದ ಆರಂಭಿಸಿದರೆ ಮರುದಿನ ಮೂರನೆಯದರಿಂದ. ಬಿಸಿಲು ಗಾಳಿಗಳ ಉಪಕಾರ ಒಂದಕ್ಕೇ ಸಲ್ಲಬಾರದು. ಪ್ರತಿ ಲಾಟಿಗೂ ಹತ್ತರ ಐದು ಗುಂಪು. ಸರಾಸರಿಗಳು ೨೩, ೧೯, ೧೫ ಮಿ.ಮೀ. ಬಂದವು. ಹಳೆಯ ನಳಿಗೆಯೂ ಇದೇ ಮೂರು ಲಾಟುಗಳನ್ನು ಕಂಡಿತ್ತು. ಅದರ ೩೦ ಎಂಬುದು ಅದಕ್ಕೆ ಅತ್ಯುತ್ತಮವಾಗಿ ಒಗ್ಗಿದ ಲಾಟಿನ ಫಲ. ಹೊಸದು ತನ್ನ ಒಳ್ಳೆಯ ಲಾಟಿನಲ್ಲಿ ೧೫ಕ್ಕೆ ನಿಂತಿತು. ಹತ್ತರ ವೃತ್ತದ ೧೬ ಮಿ.ಮೀ.ಗಳೊಳಗೆ ಅದು ಇದೀಗ ಹಿಡಿಯುತ್ತದೆ.

ಈಗ ಮುಖ್ಯ ಪ್ರಶ್ನೆ: ಅಕ್ಕನ ಕೈಯ ತಪ್ಪು ಎಷ್ಟು? ೩೬ರಲ್ಲಿ ೩೦ ಕಳೆದರೆ ಆರು ಎಂದುಕೊಳ್ಳುವುದು ಸರಿಯಲ್ಲ. ಕೈಯ ತಪ್ಪು, ಕೋವಿಯ ತಪ್ಪು ಒಂದನ್ನೊಂದು ಕೇಳಿ ನಡೆಯುವುದಿಲ್ಲ. ಒಮ್ಮೆ ಕೂಡುತ್ತವೆ, ಒಮ್ಮೆ ಒಂದನ್ನೊಂದು ಹೊಡೆದುಹಾಕುತ್ತವೆ. ಇಂಥ ಎರಡು ಸ್ವತಂತ್ರ ತಪ್ಪುಗಳು ಸೇರುವುದು ಲಂಬಕೋನ ತ್ರಿಭುಜದ ಭುಜಗಳಂತೆ: ಎರಡರ ವರ್ಗಗಳ ಮೊತ್ತ ಒಟ್ಟು ತಪ್ಪಿನ ವರ್ಗಕ್ಕೆ ಸಮ. ೩೬ರ ವರ್ಗ ೧೨೯೬; ೩೦ರ ವರ್ಗ ೯೦೦; ಉಳಿದದ್ದು ೩೯೬. ಅದರ ವರ್ಗಮೂಲ ಸುಮಾರು ೨೦. ಅಕ್ಕನ ಪಾಲು ೨೦, ಕೋವಿಯ ಪಾಲು ೩೦. ವರ್ಗಗಳ ಲೆಕ್ಕದಲ್ಲಿ ಹತ್ತಕ್ಕೆ ಏಳು ಭಾಗ ಅಪರಾಧ ಕೋವಿಯದು.

ಈ ಲೆಕ್ಕ ನಿಜವಾದರೆ ಹೊಸ ರೈಫಲ್ಲಿನಲ್ಲಿ ಅವಳ ಗುಂಪು ಎಷ್ಟಾಗಬೇಕು? ೧೫ರ ವರ್ಗ ೨೨೫, ೨೦ರ ವರ್ಗ ೪೦೦, ಒಟ್ಟು ೬೨೫, ಮೂಲ ೨೫. ದೊಡ್ಡಪ್ಪ ಈ ೨೫ನ್ನು ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟು, ಆಮೇಲೆ ಅಕ್ಕನನ್ನು ಕರೆದರು. ಅವಳು ಐದು ಗುಂಪು ಹೊಡೆದಳು. ಸರಾಸರಿ ೨೬ ಬಂತು. ಕೋವಿ ಬದಲಾದದ್ದು ಅವಳ ಕೈಯನ್ನು ಬದಲಿಸಲಿಲ್ಲ. ಕೈಯ ನಿಜವಾದ ಅಳತೆಯನ್ನು ತೋರಿಸಿತು. ಅವಳ ಗುಂಪೀಗ ಒಂಬತ್ತರ ವೃತ್ತದೊಳಗೆ ಹಿಡಿಯುತ್ತಿತ್ತು.

ಈ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಬಿತ್ತು. ಅದನ್ನು ಹೇಳಲೆಂದೇ ನಾನು ಇಷ್ಟು ದೂರ ಓದುಗರನ್ನು ಕರೆತಂದದ್ದು. ಹಳೆಯ ರೈಫಲ್ಲಿನಲ್ಲಿ ಅಕ್ಕ ಕಠಿಣ ಅಭ್ಯಾಸದಿಂದ ತನ್ನ ತಪ್ಪನ್ನು ಅರ್ಧಕ್ಕೆ, ಇಪ್ಪತ್ತರಿಂದ ಹತ್ತಕ್ಕೆ, ಇಳಿಸಿದ್ದಳೆನ್ನೋಣ. ಗುರಿಯ ಮೇಲಿನ ಗುಂಪು ೩೬ರಿಂದ ಸುಮಾರು ೩೨ಕ್ಕೆ ಇಳಿಯುತ್ತಿತ್ತು, ಅಷ್ಟೆ. ದಿನದಿನದ ಏರಿಳಿತದಲ್ಲಿ ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಅದೇ ಅಭ್ಯಾಸ ಹೊಸ ರೈಫಲ್ಲಿನಲ್ಲಿ ೨೫ನ್ನು ೧೮ಕ್ಕೆ ಇಳಿಸುತ್ತದೆ. ಎರಡು ವರ್ಷ ಅವಳ ಶ್ರಮ ವ್ಯರ್ಥವಾಗಿರಲಿಲ್ಲ, ಅದು ಕಾಣಿಸುತ್ತಿರಲಿಲ್ಲ. ಕೆಟ್ಟ ಉಪಕರಣ ಕೆಲಸವನ್ನು ಕೆಡಿಸುವುದಷ್ಟೇ ಅಲ್ಲ, ಕಲಿಯುವವನ ಬೆಳವಣಿಗೆಯನ್ನು ಅವನ ಕಣ್ಣಿಂದಲೇ ಮರೆಮಾಡುತ್ತದೆ.

ಅದರಂತೆಯೇ ಮರುಪಾಠವೂ ಉಂಟು. ಹೊಸ ರೈಫಲ್ಲಿನ ೬೨೫ರಲ್ಲಿ ೪೦೦ ಪಾಲು ಈಗ ಅಕ್ಕನದು. ಇನ್ನು ಮೇಲೆ ಕೋವಿಯನ್ನು ದೂರುವ ಹಾಗಿಲ್ಲ. ಇನ್ನೂ ದುಬಾರಿಯ ನಳಿಗೆ ತಂದು ೧೫ನ್ನು ೧೨ ಮಾಡಿದರೂ ಗುಂಪು ೨೫ರಿಂದ ೨೩ಕ್ಕೆ ಇಳಿದೀತು, ಅಷ್ಟೆ. ಎಲ್ಲಿ ತಪ್ಪು ದೊಡ್ಡದೋ ಅಲ್ಲಿ ದುಡಿದರೆ ಫಲ. ಯಾವುದು ದೊಡ್ಡದೆಂಬುದನ್ನು ಅಳೆದೇ ತಿಳಿಯಬೇಕು. ಅಕ್ಕ ಆಟವನ್ನು ಬಿಡಲಿಲ್ಲ. ಅಂಕಗಳ ಪುಸ್ತಕವನ್ನು ಈಗ ತಾನೇ ಬರೆಯುತ್ತಾಳೆ, ಹತ್ತರ ಗುಂಪುಗಳಲ್ಲಿ.

ಮಿತ್ರರೇ, ನಮ್ಮಲ್ಲಿ ಬಹುಮಂದಿಗೆ ರೈಫಲ್ಲಿನ ಸಹವಾಸ ಬಾರದಿರಬಹುದು. ಆದರೆ ‘ಈ ಹುಡುಗನಿಗೆ ಲೆಕ್ಕ ಹತ್ತದು’, ‘ಆ ಹುಡುಗಿಗೆ ಇಂಗ್ಲಿಷ್ ಬಾರದು’ ಎಂಬ ತೀರ್ಪುಗಳನ್ನು ನಾವು ದಿನವೂ ಕೇಳುತ್ತೇವೆ, ಕೊಡುತ್ತೇವೆ ಕೂಡ. ಮುರಿದ ಬೆಂಚು, ಹರಿದ ಪುಸ್ತಕ, ಕತ್ತಲೆಯ ಕೋಣೆ, ತಪ್ಪು ಕಲಿಸಿದ ಮೊದಲ ಪಾಠ, ಇವುಗಳ ಪಾಲೆಷ್ಟು, ಕೈಯ ಪಾಲೆಷ್ಟು ಎಂದು ಅಳೆದವರು ವಿರಳ. ಕೈಯನ್ನು ದೂರುವ ಮೊದಲು ಕೋವಿಯನ್ನು ಚೀಲದ ಮೇಲಿಟ್ಟು ಹತ್ತು ಗುಂಡು ಹೊಡೆದು ನೋಡುವುದು ನ್ಯಾಯ. ಹಾಗೆ ನೋಡಿ ಕೋವಿ ಸರಿಯಾಗಿದೆಯೆಂದು ತಿಳಿದ ಮೇಲೆ ಕೈಯನ್ನು ಪಳಗಿಸುವುದು ಕರ್ತವ್ಯ.